ಅಪ್ಪ ಪೂಜೆ ಮಾಡಿದ ಕಂಪ್ಯೂಟರ್

ಎರಡು ವರ್ಷದ ಹಿಂದಿನ ಮಹಾನವಮಿ. ಆಗ ನಾನು ಶಹಾಪುರದ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಲೇ ಪಿಎಚ್‌.ಡಿ ಮುಗಿಸಲು ಒದ್ದಾಡುತ್ತಿದ್ದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಎಷ್ಟು ಹೊತ್ತಿಗೆ, ಎಷ್ಟು ತಲುಪುತ್ತದೆ ಎಂಬುದು ನನ್ನ ಲೆಕ್ಕ. ಲ್ಯಾಪ್‌ಟಾಪಿಗೆ ಅದು ನೀಗಲಿಲ್ಲ. ದೊಡ್ಡ ಮಷಿನ್ ಕೊಳ್ಳುವ ತಾಕತ್ತು ನನಗಿರಲಿಲ್ಲ. ಅಂಗೈಯಗಲದ ನಾಲ್ಕು ಅಗ್ಗದ ಬೋರ್ಡು ತರಿಸಿ, ವೈರ್ ಜೋಡಿಸಿ, ಹಲಗೆಯ ಮೇಲೆ ಕೂರಿಸಿ, ಕಕ್ಕೇರಾದ ನಮ್ಮ ಮನೆಯ ನನ್ನ ಕೋಣೆಯಲ್ಲೇ ಕಂಪ್ಯೂಟರ್ ಕಟ್ಟಿದೆ. ಮೇಲೆ ಮುಚ್ಚಲು ಒಂದು ಡಬ್ಬಿಯೂ ಇರಲಿಲ್ಲ. ಹಗಲು ರಾತ್ರಿ ಲೆಕ್ಕ ನಡೆದಿತ್ತು. ಫಲಿತಾಂಶ ಒಪ್ಪಿಸಲು ಒಂದೇ ವಾರ ಉಳಿದಿತ್ತು, ಮತ್ತೆ ಅವಧಿ ಕೊಡುವುದಿಲ್ಲವೆಂದು ಗೈಡ್ ಹೇಳಿಬಿಟ್ಟಿದ್ದರು.

ಆಯುಧ, ಸಲಕರಣೆಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಸ್ಕ್ರೀನ್ ಕಪ್ಪು. ಹಲಗೆಯ ಮೇಲೆ ಭಂಡಾರದ ಅರಿಶಿನ, ಚೆಂಡುಹೂವು, ನೀರಿನ ಹನಿ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೆ ಪೂಜೆ ಮಾಡಿದ ಅಪ್ಪ ಹಾಗೇ ಇದಕ್ಕೂ ಮಾಡಿದ್ದ.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ನಿನಗೇನ್ ತಿಳಿತದ? ಕುರಿ ಕಾಯೋದು ಬಿಟ್ಟು ಈ ಖೋಲ್ಯಾಗ ಯಾಕ ಬಂದಿ? ನನ್ನ ಬಾಳೇ ಹಾಳು ಮಾಡ್ದಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ನಿನ್ನ ಕೆಲಸದ ಮಷಿನ್ ಅಲ್ಲೇನವ್ವಾ, ಅದಕ್ಕ ಪೂಜಿ ಮಾಡ್ದೆ" ಎಂದ ಅಪ್ಪ.

ಮರುದಿನ ಅವನೇ ಹಲಗೆಯನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸುರಪುರದ ಬಸ್ಸಿನಲ್ಲಿ ನನ್ನ ಜೊತೆ ಬಂದ.

ಅಲ್ಲಿ ಟಿವಿ ರಿಪೇರಿ ಮಾಡುವ ವಯಸ್ಸಾದ ಚಾಚಾ ಒಬ್ಬರಿದ್ದರು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತ. ಚಾಚಾ ಮೀಟರ್ ಹಿಡಿದು ಒಂದೊಂದೇ ಬೋರ್ಡು ನೋಡಿದರು.

"ಬೋರ್ಡಿಗಿ ಏನೂ ಆಗಿಲ್ಲವ್ವಾ. ಕರೆಂಟ್ ಕೊಡೋ ಸಪ್ಲೈ ಸುಟ್ಟದ. ಎರಡು ಬೋರ್ಡಿನ ಸಪ್ಲೈಗೆ ನಾಕು ಹಚ್ಚೀರಿ. ಕಾದು ಕಾದು ಹೋಗ್ಯಾದ."

"ನೀರು ಬಿದ್ದಿತ್ತಲ್ರೀ ಚಾಚಾ?"

"ನೀರು ಬರೀ ಹಲಗಿ ಮ್ಯಾಲ ಬಿದ್ದಾದ. ಪಾಪ, ಪೂಜಿ ಮಾಡಿದವರು ಬೋರ್ಡಿಗಿ ತಾಗದಂಗ ನೋಡಿ ನೋಡಿ ಸಿಂಪಡಿಸ್ಯಾರ."

ಉಳಿತಾಯಕ್ಕೆಂದು ಆ ಸಣ್ಣ ಸಪ್ಲೈ ಆರಿಸಿದ್ದು ನಾನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಾಚಾ ತಮ್ಮಲ್ಲಿದ್ದ ದೊಡ್ಡ ಸಪ್ಲೈ ಹಾಕಿಕೊಟ್ಟರು. ಲೆಕ್ಕ ಮತ್ತೆ ಓಡಿತು, ವಾರದೊಳಗೆ ಮುಗಿಯಿತು.

ಸುರಪುರದಿಂದ ಮರಳುವ ಬಸ್ಸಿನಲ್ಲೇ ಅಪ್ಪನಿಗೆ ಹೇಳಬೇಕಿತ್ತು. ಮನೆಗೆ ಬಂದ ಮೂರನೇ ದಿನ ಹೇಳಿದೆ: "ಅಪ್ಪಾ, ತಪ್ಪು ನಂದಿತ್ತು."

"ಮಷಿನ್ ನಡೀತಲ್ಲ, ಬಿಡವ್ವಾ" ಎಂದ.

ಈಗ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯುತ್ತೇನೆ. ಅಪ್ಪ ಮಾತ್ರ ತಾನೇ ಕಟ್ಟಿಸಿದ ಮನೆಯಲ್ಲಿ, ಆ ಖೋಲಿಯ ಹೊಸ್ತಿಲಲ್ಲಿ ನಿಂತು ಇವತ್ತಿಗೂ ಕೇಳುತ್ತಾನೆ: "ಒಳಗ ಬರ್ಲೇನವ್ವಾ?"