ಬಿಳಿ ಎಲೆ ಹುಡುಕಿಕೊಂಡು ಸುರಪುರಕ್ಕೆ

ಯಾದಗಿರಿ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ ಹತ್ತಿದಾಗ ನನ್ನ ಹೆಗಲಲ್ಲಿ ವ್ಯಾನಿಟಿ ಬ್ಯಾಗು, ತೊಡೆಯ ಮೇಲೆ ಒಂದು ಕುಂಡ. ಮೇ ತಿಂಗಳ ಕೊನೆ. ಬೆಳಿಗ್ಗೆಯೇ ಸೀಟಿನ ರೆಕ್ಸಿನ್ ಹೆಂಚಿನ ಹಾಗೆ ಕಾದಿತ್ತು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಆಮೇಲೆ ಕುಂಡ ನೋಡಿದ.

"ಅಕ್ಕಾರ, ನಿಮಗ ಫ್ರೀ ಅದ. ಇದಕ್ಕ ಲಗೇಜ್ ತಗೋಬೇಕಲ್ರಿ?"

"ಇದೂ ಹೆಣ್ಣ ಅದ ತಮ್ಮಾ," ಎಂದೆ.

ಮುಂದಿನ ಸೀಟಿನ ಹೆಂಗಸರೆಲ್ಲ ನಕ್ಕರು. ಅವನೂ ನಕ್ಕು ಹಿಂದಕ್ಕೆ ಹೋದ. ಹೊರಗೆ ನಾನೂ ನಗುತ್ತಿದ್ದೆ, ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು.

ಕಾರಣ ಹೇಳುತ್ತೇನೆ. ಯಾದಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಹುಬ್ಬು ತಿದ್ದಿಸಿಕೊಳ್ಳಲು ಬಂದವರು ಮೊದಲು ನನ್ನ ಗಿಡಗಳನ್ನು ದಾಟಬೇಕು. ಕಿಟಕಿ, ಕಪಾಟು, ಕನ್ನಡಿಯ ಪಕ್ಕ, ಎಲ್ಲ ಕಡೆ ಕುಂಡ. ಮೀನಿನ ಮುಳ್ಳಿನಂಥ ಎಲೆಯ ಕಳ್ಳಿ, ಮಣಿಸರದ ಹಾಗೆ ಇಳಿಬೀಳುವ ಬಳ್ಳಿ, ಈ ಊರಿನಲ್ಲಿ ಯಾರೂ ಕಂಡಿರದಂಥವು. ನಮ್ಮ ಬೋರಿನ ನೀರು ಉಪ್ಪು. ಹಾಕಿದರೆ ಕುಂಡದ ಬಾಯಿಗೆ ಬಿಳಿ ಪದರ ಕಟ್ಟುತ್ತದೆ, ಅದಕ್ಕೇ ಮಳೆಗಾಲದಲ್ಲಿ ಡ್ರಮ್ ತುಂಬಿ ಇಟ್ಟುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಕೂಲರಿನ ಗಾಳಿ ಗಿರಾಕಿಗೂ ಗಿಡಕ್ಕೂ ಸಮಪಾಲು.

ಅವುಗಳಲ್ಲೆಲ್ಲ ನನ್ನ ಜೀವ ಇದ್ದದ್ದು ಒಂದು ಸಿಂಗೋನಿಯಂ ಬಳ್ಳಿಯ ಮೇಲೆ. ಬಾಣದ ತುದಿಯಂಥ ಎಲೆ, ಅರ್ಧ ಹಸಿರು, ಅರ್ಧ ಹಾಲಿನಷ್ಟು ಬಿಳಿ. ಒಂದೇ ಗೆಣ್ಣಿನಿಂದ ಅದನ್ನು ಬೆಳೆಸಿದ್ದೆ. ಕೊನೆಗೆ ಆದದ್ದೇನು? ತವರುಮನೆಯ ಮದುವೆಗೆಂದು ಹುಣಸಗಿಗೆ ಹೋಗಿ ವಾರ ಬಿಟ್ಟು ಬಂದರೆ, ನಮ್ಮ ಮನೆಯವರು ದಿನಕ್ಕೆ ಎರಡು ಹೊತ್ತು ಚೊಂಬುಗಟ್ಟಲೆ ನೀರು ಹಾಕಿ, ಬೇರು ಕೊಳೆಸಿ ಇಟ್ಟಿದ್ದರು. "ಬ್ಯಾಸಗಿ ಅಲ್ಲೇನು, ಬಾಯಾರಿಕಿ ಆಗಿರ್ತದ ಅಂದ್ಕೊಂಡೆ," ಎಂದರು. ಪ್ರೀತಿ ಮಾಡಿಯೇ ಕೊಂದರು! ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ.

ಆ ಬಳ್ಳಿಯ ತುಂಡನ್ನು ನಾನು ಕೊಟ್ಟದ್ದು ಶಾಂತಕ್ಕನಿಗೆ ಮಾತ್ರ. ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದವಳು. ಗಂಡನಿಗೆ ಸುರಪುರಕ್ಕೆ ವರ್ಗವಾದಾಗ ಅಳುತ್ತಾ ನಿಂತಿದ್ದಳು, ಏನು ಕೊಡಲಿ ಎಂದು ತಿಳಿಯದೆ ನನ್ನ ಜೀವವನ್ನೇ ಕತ್ತರಿಸಿ ಕೊಟ್ಟಿದ್ದೆ. ಈಗ ಅದರ ಒಂದು ಕುಡಿ ವಾಪಸ್ ತರಬೇಕು. ಇಲ್ಲದಿದ್ದರೆ ನನ್ನ ಬಳ್ಳಿಯ ವಂಶ ಅಲ್ಲಿಗೆ ಮುಗಿಯಿತು. ಬರಿಗೈಲಿ ಹೋಗಬಾರದೆಂದು ಎಲೆಯ ಮೇಲೆ ಬೆಳ್ಳಿ ಚುಕ್ಕೆಗಳಿರುವ ಮೇಣದ ಹೂವಿನ ಬಳ್ಳಿ ತೊಡೆಯ ಮೇಲಿತ್ತು.

ಭೀಮಾ ಸೇತುವೆ ದಾಟುವಾಗ ಕೆಳಗೆ ಮರಳೇ ಹೆಚ್ಚು, ಅಲ್ಲಲ್ಲಿ ಮಡುವು. ಒಂದು ತಾಸಿನಲ್ಲಿ ಶಹಾಪುರ ಬಂತು. ಊರ ಬೆಟ್ಟ ಎಂದಿನಂತೆ ಮಲಗಿದ ಮನುಷ್ಯನ ಹಾಗೆ ಕಾಣುತ್ತಿತ್ತು. ಈ ಬಿಸಿಲಿನಲ್ಲಿ ಅಂಗಾತ ಮಲಗಲು ಅವನಿಗೊಬ್ಬನಿಗೇ ಸಾಧ್ಯ. ನಿಲ್ದಾಣದ ಹೊರಗೆ ಮಂಡಕ್ಕಿ ಸುಸಲಾ, ಮಿರ್ಚಿ ತಿಂದು, ಚಹಾ ಕುಡಿದು, ರಸ್ತೆ ಬದಿಯ ನರ್ಸರಿಗೆ ಹೊಕ್ಕೆ. ಗಿಡ ಕಂಡರೆ ನನ್ನ ಕಾಲುಗಳು ತಾವಾಗಿಯೇ ತಿರುಗುತ್ತವೆ.

ಅಲ್ಲಿ ಸಾಲಾಗಿ ಪುಟ್ಟ ಕಳ್ಳಿಗಳು, ಪ್ರತಿಯೊಂದರ ನೆತ್ತಿಗೂ ಕೆಂಪು ಹೂವು. ಆಸೆಯಿಂದ ಒಂದನ್ನು ಮುಟ್ಟಿದೆ. ಹೂವು ಕೈಗೇ ಬಂತು! ತೊಟ್ಟಿನ ತುಂಬ ಗಟ್ಟಿ ಅಂಟು.

"ಏನಪ್ಪಾ ಇದು? ಇದಕ್ಕ ಅಂಟು ಹಚ್ಚಿ ಹೂವು ಕುಂದರಿಸೀದಿ?"

ನರ್ಸರಿಯವನು ನಾಚಿಕೊಳ್ಳಲೂ ಇಲ್ಲ. "ಮಂದಿಗಿ ಹೂವು ಬೇಕ್ರಿ ಅಕ್ಕಾರ. ಖಾಲಿ ಮುಳ್ಳು ಯಾರ ಒಯ್ತಾರ? ನಿಮಗ ಯಾವ ಬಣ್ಣ ಬೇಕು ಹೇಳ್ರಿ, ಹಚ್ಚಿ ಕೊಡ್ತೀನಿ."

"ಬಿಳಿ ಎಲಿ ಸಿಂಗೋನಿಯಂ ಅದಾವೇನು?"

"ಹಸರು ಅದಾವು. ಬಿಳೀದೂ ಮಾಡಬಹುದು ಬಿಡ್ರಿ. ಪೇಂಟ್ ಅದ."

ಕೈಯಲ್ಲಿದ್ದ ಹೂವನ್ನು ಅವನ ಮೇಜಿನ ಮೇಲಿಟ್ಟು, ಸುರಪುರದ ಬಸ್ ಹಿಡಿದೆ.

ಸುರಪುರ ಗುಡ್ಡದ ಊರು. ನಿಲ್ದಾಣದಿಂದ ಶಾಂತಕ್ಕನ ಓಣಿಗೆ ಏರು ಹತ್ತಬೇಕು. ಕುಂಡ ಹೊತ್ತು, ಸೆರಗು ತಲೆಗೆ ಹಾಕಿಕೊಂಡು ಹತ್ತಿದೆ. ಬರುತ್ತೇನೆಂದು ಹಿಂದಿನ ದಿನ ಫೋನ್ ಮಾಡಿದ್ದೆ. "ಬಾ" ಎಂದಷ್ಟೇ ಹೇಳಿ ಇಟ್ಟಿದ್ದಳು. ಈಚೆಗೆ ಅವಳ ಮಾತೆಲ್ಲ ಅಷ್ಟೇ ಆಗಿತ್ತು. ಕೆಲಸ ಇರಬೇಕು ಎಂದುಕೊಂಡಿದ್ದೆ.

ಬಾಗಿಲು ತೆರೆದ ಶಾಂತಕ್ಕ ಕಾಲಿಗೆ ನೀರು ಕೊಟ್ಟಳು, ಕುಡಿಯಲು ನೀರು ಕೊಟ್ಟಳು. ನಾನು ಚಾಚಿದ ಕುಂಡವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಎಲೆಯ ಮೇಲಿನ ಬೆಳ್ಳಿ ಚುಕ್ಕೆಗಳನ್ನು ನೋಡಿ, "ಹೊರಗ ಕಟ್ಟಿ ಮ್ಯಾಲ ಇರಲಿ," ಎಂದಳು. ಬಿಸಿಲಿಗೆ ಸುಡುತ್ತದೆ ಎಂದೆ. ಕೇಳಿಸಿಕೊಳ್ಳದೆ ಒಳಗೆ ನಡೆದಳು.

ಹಿತ್ತಲಿಗೆ ಹೋದವಳು ಹಾಗೇ ನಿಂತುಬಿಟ್ಟೆ. ಬಚ್ಚಲ ಗೋಡೆಯ ತುಂಬ ನನ್ನ ಸಿಂಗೋನಿಯಂ! ಎಲೆಗಳು ಅಂಗೈಗಿಂತ ದೊಡ್ಡವು, ಬೇರು ಗೋಡೆ ಕಚ್ಚಿ ಹಿಡಿದಿತ್ತು. ಆದರೆ ಬುಡದಿಂದ ತುದಿಯ ತನಕ ಬರೀ ಹಸಿರು. ಒಂದು ಎಲೆ, ಒಂದು ಗೆರೆ, ಉಗುರಿನಷ್ಟು ಬಿಳಿ ಇರಲಿಲ್ಲ. ಎಲೆಗಳನ್ನು ಸರಿಸಿ ಸರಿಸಿ ಹುಡುಕಿದೆ.

"ಶಾಂತಕ್ಕಾ, ಬಿಳಿ ಎಲಿ ಎಲ್ಲಿ ಹೋದ್ವು?"

"ಚಿವುಟಿ ಒಗೀತೀನಿ. ಬಿಳಿ ಕಂಡ್ರ ಸಾಕು, ಕುಡೀನ ಮುರೀತೀನಿ."

"ಅಯ್ಯ ನಿನ್ನ! ಅದ ಅಲ್ಲೇನು ಅದರ ಜೀವಾ? ಆ ಬಿಳಿ ಸಲುವಾಗಿ ಮಂದಿ ಹುಡುಕ್ಯಾಡಿ ಸಾಯ್ತಾರ. ನಿನಗ ಹುಚ್ಚು ಹಿಡದದೇನು?"

ಶಾಂತಕ್ಕ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಬಹಳ ದಿನದಿಂದ ತಡೆದುಕೊಂಡಿದ್ದ ಸಿಟ್ಟು.

"ಹೌದು, ಹಿಡದದ. ನೀ ಕೊಟ್ಟ ಬಳ್ಳಿ ನಮ್ಮ ರೇಣುಕಾ ಹಿತ್ತಲದಾಗ ಹಚ್ಚಿದ್ಲು. ಅದರ ಹಾಲು ಆಕೀ ಕೈಗಿ ಹತ್ತಿ ತುರಿಸ್ತು. ಅದ ಕೈಮ್ಯಾಲ ಎದ್ದದ ನೋಡು ಬಿಳೀದು. ಈಗ ಎರಡೂ ಕೈಗಿ ಬಂದದ. ಕನ್ಯಾ ನೋಡಾಕ ಬಂದವರು ಚಹಾದ ಕಪ್ಪು ಹಿಡಕೊಂಡ ಕೈ ನೋಡಿ, ಚಹಾ ಕುಡೀಲಾರದ ಎದ್ದು ಹೋದ್ರು. ನಿನ್ನ ಗಿಡದಾಗ ಇತ್ತದು ಸುನಂದಾ. ಅಲ್ಲಿಂದ ನನ್ನ ಮಗಳಿಗಿ ಬಂತು."

ನಾನು ಕೊಟ್ಟದ್ದು ಬಳ್ಳಿ, ಇವಳ ಮನೆಯಲ್ಲಿ ಅದು ರೋಗವಾಗಿ ಬೆಳೆದಿದೆ! "ಹಂಗ ಬರೂದಲ್ಲ ಶಾಂತಕ್ಕಾ," ಎಂದೆ. "ಮತ್ತ ಇಡೀ ಬಳ್ಳೀನ ಯಾಕ ಕೀಳಲಿಲ್ಲ?"

"ಮನ್ಯಾಗ ಹಬ್ಬಿದ ಬಳ್ಳಿ ಕಿತ್ತರ ಮನಿ ಏಳಿಗಿ ಹೋಗ್ತದ," ಎಂದಳು. "ಹೆಣ್ಣಮಗಳು ಇರೋ ಮನಿ ನಮ್ಮದು."

ಊಟದ ಹೊತ್ತಿಗೆ ರೇಣುಕಾ ಬಂದಳು. ನಾನು ಕಂಡಾಗ ಎರಡು ಜಡೆಯ ಹುಡುಗಿ, ಈಗ ಬಸ್ ನಿಲ್ದಾಣದ ಹತ್ತಿರ ಸ್ವಂತ ಝೆರಾಕ್ಸ್ ಅಂಗಡಿ ಇಟ್ಟು ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾಳೆ. "ಆಂಟಿ, ಯಾವಾಗ ಬಂದ್ರಿ?" ಎಂದು ನಕ್ಕು, ಎರಡೂ ಕೈಯಲ್ಲಿ ನನಗೆ ರೊಟ್ಟಿ ನೀಡಿದಳು. ಬೆರಳ ತುದಿಗಳಿಂದ ಮಣಿಕಟ್ಟಿನವರೆಗೆ ಬಿಳುಪು ಹರಡಿತ್ತು. ನನ್ನ ಕಸುಬೇ ಕಲೆ ಮುಚ್ಚುವುದು. ಒಂದು ಕ್ರೀಮಿನ ಹೆಸರು ಬಾಯಿಯ ತುದಿಗೆ ಬಂದಿತ್ತು, ಪುಂಡಿ ಪಲ್ಯದೊಂದಿಗೆ ನುಂಗಿಕೊಂಡೆ. ಶಾಂತಕ್ಕ ಶೇಂಗಾ ಹಿಂಡಿ ಬಡಿಸುವಾಗಲೂ ನನ್ನ ಕಡೆ ನೋಡಲಿಲ್ಲ.

ಹೊರಡುವಾಗ ಮಾತ್ರ ಹಿತ್ತಲಿಗೆ ಹೋಗಿ ಒಂದು ಹಸಿರು ಕುಡಿ ಮುರಿದು, ಒದ್ದೆ ಅರಿವೆ ಸುತ್ತಿ, ನನ್ನ ಬ್ಯಾಗಿನಲ್ಲಿಟ್ಟಳು. "ಬಂದ ಹೆಣ್ಣಮಗಳನ್ನ ಬರಿಗೈಲಿ ಕಳಸಬಾರದು," ಎಂದಳು. ನನಗೆ ಅಳು ಬಂತು. ಕಟ್ಟೆಯ ಮೇಲಿನ ಕುಂಡ ಎತ್ತಿಕೊಂಡು ಇಳಿದೆ.

ರೇಣುಕಾ ನನ್ನ ಜೊತೆಗೇ ಬಂದಳು. ಇಳಿಜಾರಿನಲ್ಲಿ ಸ್ವಲ್ಪ ದೂರ ಹೋದ ಮೇಲೆ, "ಅವ್ವ ಬೈದ್ಲೇನ್ರಿ?" ಎಂದಳು.

"ಬೈಲಿ ಬಿಡವ್ವಾ. ನನ್ನಿಂದನ ಅಂತ ತಿಳಕೊಂಡಾಳ."

"ನಿಮ್ಮ ಗಿಡ ಬರೂಕಿಂತ ಮೊದಲ ನನ್ನ ಕಾಲಾಗ ಒಂದು ಚುಕ್ಕಿ ಇತ್ರಿ. ನಾ ಅವ್ವಗ ತೋರ್ಸಿದ್ದಿಲ್ಲ. ಡಾಕ್ಟರೂ ಹೇಳ್ಯಾರ, ಇದು ಹತ್ತೂದಲ್ಲ, ಗಿಡದಿಂದ ಬರೂದಲ್ಲ ಅಂತ."

ನಾನು ನಡುರಸ್ತೆಯಲ್ಲೇ ನಿಂತೆ. "ಮತ್ತ ಅವ್ವಗ ಹೇಳಬಾರದೇನು?"

"ಗಿಡಕ್ಕ ಬೈದ್ರ ಆಕೀಗಿ ಸಮಾಧಾನ ಆಗ್ತದ್ರಿ. ಅದೂ ಇಲ್ಲಾಂದ್ರ ತನ್ನ ಹೊಟ್ಟೀಗೇ ಬೈಕೋತಾಳ. ನೀವು ಯಾದಗಿರ್ಯಾಗ ಇರ್ತೀರಿ, ನಿಮಗೇನು ಕೇಳಸ್ತದ?" ಎಂದು ನಕ್ಕಳು. ನನಗೆ ನಗಬೇಕೋ ಅವಳ ಕಿವಿ ಹಿಂಡಬೇಕೋ ತಿಳಿಯಲಿಲ್ಲ.

ಅಂಗಡಿಯ ಶಟರ್ ಎತ್ತಿದಳು. ಒಳಗೆ ಕೌಂಟರಿನ ಮೇಲೆ, ಕಂಪ್ಯೂಟರಿನ ಪಕ್ಕ, ಹಳೆಯ ಪೇಂಟ್ ಡಬ್ಬಿಯಲ್ಲಿ ನನ್ನ ಬಳ್ಳಿ! ನಾಲ್ಕೇ ಎಲೆ, ಒಂದೊಂದೂ ಅರ್ಧ ಹಸಿರು, ಅರ್ಧ ಹಾಲು. ತಾಯಿ ಮುರಿದು ಒಗೆದ ಕುಡಿಯನ್ನು ಇವಳು ಕಸದಿಂದ ಎತ್ತಿ ತಂದು ನೆಟ್ಟಿದ್ದಳು.

ನನ್ನ ಕೈ ಆಗಲೇ ಬ್ಯಾಗಿನೊಳಗೆ ಕತ್ತರಿ ಹುಡುಕುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಹುಡುಗಿಯೂ ಕಾಣಲಿಲ್ಲ, ಶಾಂತಕ್ಕನೂ ನೆನಪಾಗಲಿಲ್ಲ.

"ಕತ್ತರಸ್ರಿ ಆಂಟಿ, ನಿಮ್ಮದ ಅದ," ಎಂದಳು.

ಅಷ್ಟರಲ್ಲಿ ಅರ್ಜಿ ತುಂಬಿಸಲು ರುಮಾಲಿನ ಮುದುಕರೊಬ್ಬರು ಬಂದರು. ರೇಣುಕಾ ಕೀಬೋರ್ಡಿನ ಮೇಲೆ ಕೈಯಿಟ್ಟಳು. ಮುದುಕರ ಕಣ್ಣು ಆ ಕೈಯ ಕಡೆ ಬಂದು, ಅಲ್ಲಿಂದ ಪಕ್ಕದ ಎಲೆಗೆ ಹೋಗಿ, ಅಲ್ಲೇ ನಿಂತಿತು.

"ಇದೇನವ್ವಾ, ಎಲೀಗಿ ಸುಣ್ಣ ಬಡದೀಯೇನು?"

"ಇಲ್ಲ ಮುತ್ಯಾ, ಹುಟ್ಟಿದ್ದ ಹಂಗ."

"ಹುಟ್ಟಿದ್ದ ಹಿಂಗ? ಭಾಳ ಚಂದ ಅದ ಬಿಡು." ಅರ್ಜಿ ಮುಗಿಯುವ ತನಕ ಅವರು ಅದನ್ನೇ ನೋಡುತ್ತಾ ಕೂತರು.

ಅವರು ಹೋದ ಮೇಲೆ ರೇಣುಕಾ ಹೇಳಿದಳು: "ಎಲ್ಲಾರೂ ಹಿಂಗ್ರಿ. ಮೊದಲ ನನ್ನ ಕೈ ನೋಡಿ ಅರ್ಜಿ ಮರೀತಿದ್ರು. ಈಗ ಇದನ್ನ ನೋಡ್ಕೋಂತ ಕುಂದರ್ತಾರ. ಬೆಳಿಗಿ ದೃಷ್ಟಿ ತಾಗಬಾರದಂತ ಹೊಲದಾಗ ಸುಣ್ಣದ ಬೊಟ್ಟಿನ ಗಡಗಿ ಇಡ್ತಾರಲ್ರಿ, ಹಂಗ."

ನಾನು ಕತ್ತರಿಯನ್ನು ಬ್ಯಾಗಿನ ತಳಕ್ಕೆ ದೂಡಿದೆ. ಬೆಳ್ಳಿ ಚುಕ್ಕೆಯ ಕುಂಡವನ್ನು ಕೌಂಟರಿನ ಇನ್ನೊಂದು ತುದಿಗೆ ಇಟ್ಟು, "ಇದಕ್ಕ ನೀರು ಕಡಿಮಿ. ನಮ್ಮ ಮನೆಯವರಂಗ ಮಾಡಬ್ಯಾಡ," ಎಂದೆ.

ಸಂಜೆ ಬಸ್ಸಿನಲ್ಲಿ ಶಹಾಪುರ ದಾಟಿ ಮನೆ ಮುಟ್ಟಿದಾಗ ಮುಸ್ಸಂಜೆ. ಹಸಿರು ಕುಡಿಯನ್ನು ಮಳೆನೀರಿನ ಬಾಟಲಿಗೆ ಇಳಿಬಿಟ್ಟೆ. ಒಮ್ಮೆ ಪೂರ್ತಿ ಹಸಿರಾದ ಬಳ್ಳಿಯಲ್ಲಿ ಬಿಳಿ ಮತ್ತೆ ಬರುವುದು ಕಡಿಮೆ, ನನಗೆ ಗೊತ್ತು. ನಮ್ಮ ಮನೆಯವರು ಅಪರಾಧಿಯ ಹಾಗೆ ಬಾಗಿಲಲ್ಲೇ ನಿಂತಿದ್ದರು.

"ಬರೀ ಹಸರು ತಂದಿ? ಬಿಳೀದು ಸಿಗಲಿಲ್ಲೇನು?"

"ಸಿಕ್ತು."

"ಮತ್ತ ಎಲ್ಲದ?"

"ಸುರಪುರದಾಗ," ಎಂದೆ. "ಡ್ಯೂಟಿ ಮ್ಯಾಲದ."