ತೆಳು ಹಳದಿ ಊರುಗಳು

ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಹೇಳುತ್ತಿದ್ದ ಸಿಸ್ಟರ್, ಮ್ಯಾಪಿಗೆ ಬಣ್ಣ ತುಂಬುವಾಗ ಪೆನ್ಸಿಲ್ಲು ಒಂದೇ ದಿಕ್ಕಿಗೆ ಓಡಬೇಕೆಂದು ಬೆರಳಿಗೆ ಸ್ಕೇಲಿನಲ್ಲಿ ತಟ್ಟಿ ಕಲಿಸಿದ್ದರು. ಈಗ ಶ್ರೀರಂಗಪಟ್ಟಣದ ಮನೆಯಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಬಟನ್ ಒತ್ತಿದರೆ ನಾಲ್ಕು ತಾಲ್ಲೂಕಿನ ಹಳ್ಳಿಗಳು ತಾವಾಗಿಯೇ ಬಣ್ಣ ಬಳಿದುಕೊಳ್ಳುತ್ತವೆ. ಒಂದು ಊರಿನ ಬಣ್ಣ ಇನ್ನೊಂದಕ್ಕೆ ತಾಗುವುದಿಲ್ಲ. ಅಷ್ಟು ಚೊಕ್ಕಟವಾಗಿ ಬಂದದ್ದನ್ನು ಅನುಮಾನಿಸಲು ಮನಸ್ಸೇ ಬರುವುದಿಲ್ಲ.

ಈ ಕೆಲಸ ತಂದುಕೊಟ್ಟವಳು ಪಾಂಡವಪುರದಲ್ಲಿ ಚಿಕ್ಕ ಟ್ರಸ್ಟು ನಡೆಸುವ ನನ್ನ ಹಳೆಯ ಸ್ಟೂಡೆಂಟು. ಕಣ್ಣಿನ ಡಾಕ್ಟರನ್ನು ಹಳ್ಳಿಗಳಿಗೆ ಕರೆದೊಯ್ಯುವ ಒಂದು ವ್ಯಾನು ಅವರಲ್ಲಿತ್ತು. ಒಂದೇ ವ್ಯಾನು, ಊರುಗಳು ನೂರಾರು. ಸರ್ವೆಗೆ ಹೋದ ಹುಡುಗಿಯರು ಮನೆಮನೆಯ ವಯಸ್ಸಾದವರನ್ನು ಕಣ್ಣು ಹೇಗಿದೆಯೆಂದು ಕೇಳಿ, ಎಲ್ಲವನ್ನೂ ಎಕ್ಸೆಲ್ ಶೀಟಿಗೆ ತುಂಬಿದ್ದರು.

"ಇದನ್ನ ಮ್ಯಾಪ್ ಮಾಡಿಕೊಡಿ ಮಿಸ್. ನಂಬರ್ ತೋರಿಸಿದ್ರೆ ಯಾರೂ ನೋಡಲ್ಲ. ಬಣ್ಣ ತೋರಿಸಿದ್ರೆ ಎಲ್ಲರೂ ಬಗ್ಗಿ ನೋಡ್ತಾರೆ" ಎಂದಳು.

"ಈ ವಯಸ್ಸಿನಲ್ಲಿ ನನಗೆ ಹೋಮ್‌ವರ್ಕ್ ಕೊಡ್ತೀಯಾ?"

"ನೀವು ಕೊಟ್ಟಿದ್ದು ಕಮ್ಮಿನಾ ಮಿಸ್?"

ನಾನು ಕಲಿತೆ. ಬರೀ ತಲೆ ಎಣಿಸಿ ಬಣ್ಣ ಹಾಕಿದರೆ ದೊಡ್ಡ ಊರುಗಳೆಲ್ಲ ಕಪ್ಪಗೆ ಕಾಣುತ್ತವೆ, ಆದ್ದರಿಂದ ಪರ್ಸೆಂಟೇಜ್ ತೆಗೆಯಬೇಕು. ಶೀಟಿನಲ್ಲಿರುವ ಊರಿನ ಕೋಡ್ ನಂಬರೂ ಮ್ಯಾಪಿನಲ್ಲಿರುವ ನಂಬರೂ ಒಂದಾಗಬೇಕು. ಬಣ್ಣ ಒಂದೇ ಕುಲದ್ದಾಗಿರಬೇಕು: ತೊಂದರೆ ಕಡಿಮೆಯಿದ್ದಲ್ಲಿ ತೆಳು ಹಳದಿ, ಹೆಚ್ಚುತ್ತ ಹೋದಂತೆ ಕೇಸರಿ, ಇಟ್ಟಿಗೆ, ಕೊನೆಗೆ ಒಣಗಿದ ರಕ್ತದಂಥ ಮರೂನು. ಸಿಸ್ಟರ್ ಬದುಕಿದ್ದರೆ ಮೆಚ್ಚುತ್ತಿದ್ದರು.

ಮ್ಯಾಪು ಹೀಗೆ ಬಂತು. ನಾಗಮಂಗಲದ ಕಡೆ ಊರಿಗೆ ಊರೇ ಮರೂನು. ಪಾಂಡವಪುರ, ಶ್ರೀರಂಗಪಟ್ಟಣ ಅಲ್ಲಲ್ಲಿ ಕೇಸರಿ. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ಗುಂಟ, ಅಕ್ಕಿಹೆಬ್ಬಾಳಿನ ಸುತ್ತಮುತ್ತ, ಒಂದು ಉದ್ದನೆಯ ತೆಳು ಹಳದಿ ಪಟ್ಟಿ. ಅದಕ್ಕೆ ನಾನೇ ಕಾರಣವನ್ನೂ ಹುಡುಕಿದೆ. ಒಂದು ಕಡೆ ಒಣಭೂಮಿ, ಬಿಸಿಲು, ಧೂಳು; ಇನ್ನೊಂದು ಕಡೆ ಹೊಳೆ, ಗದ್ದೆ, ಸೊಪ್ಪುಸದೆ. ಜಿಯಾಗ್ರಫಿ ಟೀಚರಿಗೆ ಇದಕ್ಕಿಂತ ಒಪ್ಪುವ ವಿವರಣೆ ಬೇಕೆ? ಮೀಟಿಂಗಿನಲ್ಲಿ ಎಲ್ಲರೂ ತಲೆದೂಗಿದರು. ವ್ಯಾನು ಮೊದಲು ನಾಗಮಂಗಲಕ್ಕೆ ಹೊರಟಿತು. ಹಳದಿ ಊರುಗಳು ಬರುವ ವರ್ಷಕ್ಕೆ.

ಆ ಹಳದಿ ಪಟ್ಟಿಯೊಳಗೆ ನನ್ನ ಅಕ್ಕನ ಊರಿತ್ತು. ನೋಡಿ ಸಮಾಧಾನವೇ ಆಗಿತ್ತು.

ಅಕ್ಕ ನನಗಿಂತ ದೊಡ್ಡವಳು. ಚಿಕ್ಕಂದಿನಲ್ಲಿ ಸೋದರಮಾವ ಒಬ್ಬಳನ್ನು ಮಾತ್ರ ಮೈಸೂರಿಗೆ ಕರೆದೊಯ್ದು ಓದಿಸುತ್ತೇನೆಂದಾಗ, ಮನೆಗೆಲಸಕ್ಕೆ ಒದಗುವವಳು ಅಕ್ಕನಾದ್ದರಿಂದ ನಾನು ಹೋದೆ. ಅವಳು ಗದ್ದೆಯಿದ್ದ ಮನೆಗೆ ಸೊಸೆಯಾಗಿ ಹೋದಳು. ಈಗ ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ತುಂಬಿದ ಮನೆ. ಫೋನು ಮಾಡಿದಾಗಲೆಲ್ಲ "ನಂಗೇನಾಗದೆ, ಗುಂಡ್ಕಲ್ ಇದ್ದಂಗಿವ್ನಿ" ಎನ್ನುತ್ತಿದ್ದಳು.

ಮರುವರ್ಷ, ಸುಗ್ಗಿ ಮುಗಿದ ಮೇಲೆ, ಮಧ್ಯಾಹ್ನದ ರೈಲಿನಲ್ಲಿ ಅಕ್ಕಿಹೆಬ್ಬಾಳಿಗೆ ಇಳಿದು ಅವಳ ಮನೆಗೆ ಹೋದೆ. ಸೊಸೆ ಗದ್ದೆಯಲ್ಲಿದ್ದಳು. ಅಕ್ಕನೇ ಕಾಫಿ ಮಾಡಿ, ನನ್ನ ಮುಂದೆ ಲೋಟ ಇಟ್ಟು, ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದಳು. ನೆಲದ ಮೇಲೆ ಅದು ಹರಿದದ್ದೂ ಅವಳಿಗೆ ಕಾಣಲಿಲ್ಲ. ನನ್ನ ಕಾಲಿಗೆ ಬಿಸಿ ತಗುಲಿ ನಾನು ಎದ್ದಾಗಲೇ ಗೊತ್ತಾದದ್ದು.

"ಕಣ್ಣು ಯಾವಾಗಿಂದ ಹೀಗೆ?"

"ವಯಸ್ಸಾಯ್ತಲ್ಲ. ಪಕ್ಕದಲ್ಲಿರಾದು ಕಾಣಾಕಿಲ್ಲ, ಎದ್ರುಗಡೆ ವಸಿ ಕಾಣ್ತದೆ. ಗ್ವಾಡೆ ಹಿಡ್ಕಂಡು ಓಡಾಡ್ತೀನಿ."

"ಹೋದ ವರ್ಷ ಹುಡುಗಿಯರು ಬಂದು ಕೇಳಲಿಲ್ವಾ?"

"ಬಂದಿದ್ವು. ಪಾಪ, ಚೆಂದದ ಮಕ್ಕಳು. ಕಾಫಿ ಕುಡೀರಿ ಅಂದ್ರೆ ಬಸ್ಸು ಹೊಂಟೋಯ್ತದೆ ಅಂದ್ವು."

"ಮತ್ತೆ ನೀನು ಹೇಳಲಿಲ್ವಾ?"

ಅಕ್ಕ ನನ್ನನ್ನು, ನಾನಿದ್ದೇನೆಂದು ಅವಳು ಅಂದುಕೊಂಡ ಕಡೆಗೆ, ನೋಡಿದಳು. "ದೀಪ ಅಚ್ಚೋ ಒತ್ನಲ್ಲಿ ಬಂದು, ಒಸ್ಲು ಮುಂದೆ ನಿಂತ್ಕಂಡು, 'ಅಜ್ಜಿ, ಕಣ್ ಕಾಣ್ತದಾ ಇಲ್ವಾ' ಅಂದ್ರೆ ಏನಂತ ಯೋಳಾದು? ಆ ಒತ್ನಲ್ಲಿ ಇಲ್ಲ ಅನ್ಬೌದಾ? ಚೆನ್ನಾಗ್ ಕಾಣ್ತದೆ ಕಣವ್ವ ಅಂದ್ಬುಟ್ಟೆ. ಪಕ್ಕದ ಮನೆಯೋಳೂ ಅಂಗೇ ಅಂದ್ಲು. ಅವ್ಳಿಗೆ ನನ್‌ಗಿಂತ ಮೋಸ."

ಮುಸ್ಸಂಜೆ ಲಕ್ಷ್ಮಿ ಬರುವ ಹೊತ್ತಿನಲ್ಲಿ ಇಲ್ಲ ಎನ್ನಬಾರದು, ಕಾಯಿಲೆಯ ಮಾತೆತ್ತಬಾರದು. ನಮ್ಮಜ್ಜಿ ಅದನ್ನು ನಮ್ಮಿಬ್ಬರಿಗೂ ಒಟ್ಟಿಗೇ ಕಲಿಸಿದ್ದಳು.

ಅಲ್ಲಿಂದಲೇ ಪಾಂಡವಪುರಕ್ಕೆ, ನನ್ನ ಸ್ಟೂಡೆಂಟಿಗೆ ಫೋನು ಮಾಡಿದೆ. ಸರ್ವೆ ಹುಡುಗಿಯರನ್ನು ಕೇಳಿ ಅವಳು ತಿರುಗಿ ಹೇಳಿದಳು. ನಾಗಮಂಗಲದಲ್ಲಿ ಅವರು ಉಳಿದುಕೊಂಡಿದ್ದರು, ಬೆಳಗ್ಗೆ ಎದ್ದು ಹಳ್ಳಿಗೆ ಹೋಗುತ್ತಿದ್ದರು. ಹೊಳೆಯ ಪಕ್ಕದ ಊರುಗಳಲ್ಲಿ ಹಗಲು ಎಲ್ಲರೂ ಗದ್ದೆಗೆ ಹೋಗಿರುತ್ತಾರೆಂದು ಸಂಜೆಗೆ ಹೋಗಿದ್ದರು. ನಾನು ಹೊಳೆ, ಗದ್ದೆ, ಸೊಪ್ಪು ಎಂದು ವಿವರಿಸಿದ್ದ ಆ ಹಳದಿ ಪಟ್ಟಿ, ಬರೀ ಸಂಜೆಯ ಪಟ್ಟಿ.

ಆ ಊರುಗಳ ಬಣ್ಣ ತೆಗೆದು ಬೂದು ಹಾಕಿದೆ. ಮ್ಯಾಪಿನ ಮೂಲೆಯ ವಿವರದಲ್ಲಿ ಬೂದು ಬಣ್ಣದ ಮುಂದೆ 'ಗೊತ್ತಿಲ್ಲ' ಎಂದು ಬರೆದೆ.

"ಇಷ್ಟೊಂದು ಗ್ರೇ ಇದ್ರೆ ಡೋನರ್ಸ್ ಏನಂತಾರೆ ಮಿಸ್?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ತೋರಿಸಬೇಕು. ಹುಡುಗಿಯರನ್ನ ಇನ್ನೊಂದು ಸಲ ಬೆಳಗಿನ ಹೊತ್ತು ಕಳಿಸು."

ಅವಳು ಕಳಿಸಿದಳು. ಆದರೆ ಅಕ್ಕನನ್ನು ನಾನು ವ್ಯಾನಿಗೆ ಕಾಯಿಸಲಿಲ್ಲ. ಅವಳ ಮಗನ ಜೊತೆ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದೆ. ಪೊರೆ ಇರಬಹುದು, ತೆಗೆದರೆ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ಅವನು ಹೇಳುತ್ತಲೇ ಇದ್ದ. ಪೊರೆಯಲ್ಲ, ಗ್ಲಾಕೋಮಾ. ಅಕ್ಕನನ್ನು ಹೊರಗೆ ಕೂರಿಸಿ ಡಾಕ್ಟರು ನನಗೆ ಮೆಲ್ಲಗೆ ಹೇಳಿದರು: ಹೋದ ನೋಟ ಬರುವುದಿಲ್ಲ. ಡ್ರಾಪ್ಸ್ ಹಾಕಿ ಉಳಿದಷ್ಟನ್ನು ಕಾಯಬಹುದು, ಅದೂ ಬಹಳ ಉಳಿದಿಲ್ಲ. ಒಂದು ವರ್ಷ ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು.

ಅಂದು ಅಕ್ಕ ನನ್ನ ಮನೆಯಲ್ಲೇ ಉಳಿದಳು. ಎಮ್ಮೆಯ ಹಾಲು ಕರೆಯಬೇಕೆಂದು ಮಗ ಊರಿಗೆ ಹೊರಟುಹೋದ. ಬೆಳಕು ಇಳಿಯುತ್ತಿತ್ತು. ದೀಪ ನಾನೇ ಹಚ್ಚುತ್ತೇನೆಂದು ಅವಳು ಹಟ ಹಿಡಿದಳು. ಬೆರಳಿನಿಂದ ಬತ್ತಿ ಮುಟ್ಟಿ, ಎಣ್ಣೆಯ ಮಟ್ಟ ಮುಟ್ಟಿ ನೋಡಿ, ಕಡ್ಡಿ ಗೀರಿದಳು. ಎರಡನೆಯ ಕಡ್ಡಿಗೆ ಹತ್ತಿತು. ಕೈಮುಗಿದು, ದೀಪಕ್ಕೆ ಎದುರಾಗಿಯೇ ಕೂತು, ಕೇಳಿದಳು.

"ಡಾಕ್ಟ್ರು ನಿನ್ ತಾವ ಏನಂದ್ರು? ನನ್ ಕಣ್ಣು ವಾಪಸ್ ಬತ್ತದಂತಾ?"

ಮೈಸೂರಿನಿಂದ ಬರುವಾಗ ಕಾರಿನಲ್ಲಿ ಹೇಳಬೇಕಾದದ್ದನ್ನೆಲ್ಲ ಮಾತಿಗೆ ಮಾತು ಜೋಡಿಸಿಟ್ಟಿದ್ದೆ. ಮೆತ್ತಗೆ ಹೇಳಬೇಕು, ಆದರೆ ನಿಜ ಹೇಳಬೇಕು ಎಂದುಕೊಂಡಿದ್ದೆ. ದೀಪ ಅವಳ ಮುಖಕ್ಕೆ ಬೀಳುತ್ತಿತ್ತು. ಬಾಯಿ ತೆರೆದರೆ ಆ 'ಇಲ್ಲ' ಬರಲೇ ಇಲ್ಲ.

"ಬರುತ್ತಂತೆ ಅಕ್ಕ. ಡ್ರಾಪ್ಸ್ ತಪ್ಪಿಸಬಾರದಂತೆ, ಅಷ್ಟೆ."

ಅಕ್ಕ ಕೈಚಾಚಿ, ತಡಕಾಡಿ ನನ್ನ ಮಂಡಿ ಸಿಕ್ಕಿದ ಮೇಲೆ ಅದನ್ನು ತಟ್ಟಿದಳು.

"ನಾನೂ ಈ ಒತ್ನಲ್ಲೇ ಕೇಳ್ಬುಟ್ಟೆ ನೋಡು. ಓಗ್ಲಿ ಬುಡು. ನಾಳೆ ಬೆಳಿಗ್ಗೆ ಕೇಳ್ತೀನಿ, ಆಗ ಯೋಳೀವಂತೆ."