ಹತ್ತಿ ಮನೆಯ ಕಂಪ್ಯೂಟರ್

ಅಂಗಡಿ ಬೋರ್ಡುಗಳ ಮೇಲೆ 'ಗದಗ ಜಿಲ್ಲೆ' ಅಂತ ಹೊಸದಾಗಿ ಬರೆಸಿದ್ದರೂ ಬಣ್ಣದ ಅಡಿಯಿಂದ 'ಧಾರವಾಡ' ಇನ್ನೂ ಹಣಿಕಿ ಹಾಕುತ್ತಿದ್ದ ಕಾಲವದು. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇದ್ದದ್ದು ಒಂದೇ ಮನೆಯಲ್ಲಿ. ಅದು ನಮ್ಮದು, ಹತ್ತಿ ಹಿಂಜಿ ಗಾದಿ ತುಂಬುವವರ ಮನೆ. ತಮ್ಮ ಮಗಳ ಮದುವೆಗೆ ಅಪ್ಪನ ಕಡೆ ಗಾದಿ ಮಾಡಿಸಿಕೊಂಡಿದ್ದ ಕಂಪ್ಯೂಟರ್ ಕ್ಲಾಸಿನವರು, ಕ್ಲಾಸು ಮುಚ್ಚುವಾಗ ರೊಕ್ಕದ ಬದಲು ಅದನ್ನು ಹೊತ್ತು ತಂದುಕೊಟ್ಟಿದ್ದರು.

ಪಡಸಾಲೆಯಲ್ಲಿ ಒಂದು ಮೂಲೆಗೆ ಕಂಪ್ಯೂಟರ್, ಇನ್ನೊಂದು ಮೂಲೆಗೆ ಅಪ್ಪನ ಹಿಂಜುವ ಬಿಲ್ಲು. ದಿನವಿಡೀ ಠೊಂಯ್, ಠೊಂಯ್. ಬಿಸಿಲಿನ ವಾಸನೆಯ ಹತ್ತಿ, ಅವ್ವನ ಒಗ್ಗರಣೆ ಚುನಮರಿಯ ಬಳ್ಳೊಳ್ಳಿ ಘಮ. ಓಣಿಯ ಹುಡುಗರೆಲ್ಲ ಹತ್ತಿಯನ್ನು ಮೀಸೆಗೆ, ಹುಬ್ಬಿಗೆ ಅಂಟಿಸಿಕೊಂಡು ಮುದುಕರಾಗಿ ಕೆಮ್ಮುತ್ತ, ಕಂಪ್ಯೂಟರಿನ ಮುಂದೆ ತಮ್ಮ ಪಾಳಿಗೆ ಕಾಯುತ್ತಿದ್ದರು.

ನನ್ನ ಒಂಬತ್ತನೇ ಇಯತ್ತೆ ಮುಗಿದ ಬೇಸಿಗೆ. ಫೋನಿನ ತಂತಿ ಚುಚ್ಚಿ ಇಂಟರ್‌ನೆಟ್ ಹಚ್ಚಿದ್ದೆ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಎಚ್ಚರಿಕೆಯ ಒಂದು ಡಬ್ಬಿ ಮೂಡಿತು. ಅರವತ್ತು ಸೆಕೆಂಡಿನಿಂದ ಹಿಂದಕ್ಕೆ ಎಣಿಸುತ್ತ ಬಂದು ಕಂಪ್ಯೂಟರ್ ತಾನೇ ಬಂದ್ ಆಯಿತು. ಮತ್ತೆ ಎರಡನ್ನೂ ಹಚ್ಚಿದೆ, ಮತ್ತದೇ ಎಣಿಕೆ.

ಗದಗಿನಿಂದ ರಿಪೇರಿಯವ ಬಂದ. ಪೆಟ್ಟಿಗೆ ಬಿಚ್ಚಿ, ಫ್ಯಾನಿನಿಂದ ಹತ್ತಿಯ ಉಂಡೆಯೊಂದನ್ನು ಎಳೆದು, ಬಾಗಿಲಲ್ಲಿ ನೆರೆದವರಿಗೆಲ್ಲ ಎತ್ತಿ ತೋರಿಸಿದ.

"ಸಾಬರ, ಇದು ಗಾದಿ ಅಲ್ರಿ, ಕಂಪ್ಯೂಟರ್ ಐತಿ! ಒಂದೋ ಹತ್ತಿ ಇಟ್ಕೋರಿ, ಇಲ್ಲಾ ಇದನ್ನ ಇಟ್ಕೋರಿ."

ಓಣಿಯೆಲ್ಲ ನಕ್ಕಿತು. ಒರೆಸಿ, ಇಂಟರ್‌ನೆಟ್ಟನ್ನೂ ಹಚ್ಚಿ ನೋಡಿದ, ಎಣಿಕೆ ನಿಲ್ಲಲಿಲ್ಲ. "ಹತ್ತಿ ಎಳಿ ಒಳಗ ಹೊಕ್ಕಾವು, ಇನ್ನ ಗುಜರಿಗೇ. ಶುಕ್ರವಾರ ನಮಾಜ್ ಮುಗಿಸಿ ಮನ್ಯಾಗ ಇರ್ರಿ, ಬಂದು ಒಯ್ತೇನಿ" ಅಂದು ಹೋದ.

ಅಪ್ಪ ಬಿಲ್ಲು ಬಿಚ್ಚಿ ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ. ಉರಿಬಿಸಿಲಲ್ಲೇ ಹಿಂಜತೊಡಗಿದ. ನಮಗೆ ಅನ್ನ ಹಾಕಿದ ಹತ್ತಿ ನಾಲ್ಕು ಮಂದಿ ಎದುರು ಕಸ ಅನ್ನಿಸಿಕೊಂಡಿತ್ತಲ್ಲ!

ಬುಧವಾರ ಮಧ್ಯಾಹ್ನ ಮೋಡ ಕವಿಯಿತು. ಅಪ್ಪ ಹತ್ತಿ, ಬಿಲ್ಲು ಎಲ್ಲವನ್ನೂ ಪಡಸಾಲೆಗೆ ತಂದ. ಗುಡುಗು ಕೇಳಿದರೆ ಫೋನಿನ ತಂತಿ ಕಿತ್ತಿಡುವುದು ಅವ್ವನ ರೂಢಿ. ಕಿತ್ತಿಟ್ಟಳು. ಮಳೆ ಒಂದು ಹನಿಯೂ ಬೀಳದೆ ಶಿರಹಟ್ಟಿ ಕಡೆ ಹೋಯಿತು. ತಂತಿ ಚುಚ್ಚುವುದನ್ನು ಎಲ್ಲರೂ ಮರೆತರು. ಹೆಂಗೂ ಗುಜರಿಗೆ ಹೋಗುವುದಲ್ಲವೇ ಅಂತ ನಾನು ಕಂಪ್ಯೂಟರ್ ಹಚ್ಚಿ ಚಿತ್ರ ಬಿಡಿಸುತ್ತ ಕೂತೆ. ಪಕ್ಕದಲ್ಲೇ ಠೊಂಯ್, ಠೊಂಯ್. ಪರದೆಯ ಮೇಲೆಲ್ಲ ಹತ್ತಿ. ಹೊತ್ತು ಇಳಿಯಿತು. ಕಂಪ್ಯೂಟರ್ ಬಂದ್ ಆಗಲೇ ಇಲ್ಲ.

ಎದ್ದು ಫೋನಿನ ತಂತಿ ಚುಚ್ಚಿ ಇಂಟರ್‌ನೆಟ್ ಹಚ್ಚಿದೆ. ತುಸು ಹೊತ್ತಿಗೆ ಬಂತು ಆ ಡಬ್ಬಿ. ತಂತಿ ಕಿತ್ತು ಕಂಪ್ಯೂಟರ್ ಹಚ್ಚಿದೆ, ಸುಮ್ಮನಿತ್ತು. ಚುಚ್ಚಿದೆ, ಎಣಿಸಿತು.

"ಅಪ್ಪಾ! ತಪ್ಪು ಹತ್ತೀದಲ್ಲ! ಫೋನಿನ ತಂತ್ಯಾಗಿಂದ ಏನೋ ಬರಾಕತ್ತೈತಿ!"

ಮರುದಿನ ವಾಚನಾಲಯದಲ್ಲಿ ಹಳೆಯ ಪೇಪರುಗಳ ಗಂಟು ಬಿಚ್ಚಿದೆ. "ಏ ಹುಡುಗಿ, ಹೆಣ್ಮಕ್ಕಳ ಪುಟ ಆ ಕಡೆ ಐತಿ" ಅಂದರು ಅಲ್ಲಿ ಓದುತ್ತಿದ್ದ ಹಿರಿಯರೊಬ್ಬರು. "ನನಗ ಕಂಪ್ಯೂಟರ್ ಪುಟ ಬೇಕ್ರಿ" ಅಂದೆ. ಸಿಕ್ಕಿತು. ಯಾರೂ ಏನೂ ತೆರೆಯದಿದ್ದರೂ ಇಂಟರ್‌ನೆಟ್ಟಿನಿಂದ ತಾನೇ ನುಸುಳುವ ವೈರಸ್ ಹುಳ, ಅದರ ಗುರುತು, ತೆಗೆಯುವ ರೀತಿ ಎಲ್ಲ ಬರೆದಿತ್ತು. ಕೈಮೇಲೆ ಪೆನ್ನಿನಿಂದ ಬರೆದುಕೊಂಡು ಓಡಿ ಬಂದೆ.

ಮೊದಲು ತಂತಿ ಕಿತ್ತೆ. ಓಡುತ್ತಿದ್ದ ಪ್ರೋಗ್ರಾಮುಗಳ ಸಾಲಿನಲ್ಲಿ ಪೇಪರು ಹೇಳಿದ ಹೆಸರೇ ಕೂತಿತ್ತು! ಅದನ್ನು ನಿಲ್ಲಿಸಿದೆ. ಅದರ ಫೈಲು ಹುಡುಕಿ ಅಳಿಸಿದೆ. ಕಂಪ್ಯೂಟರ್ ಹಚ್ಚಿದ ಕೂಡಲೇ ಅದು ಮತ್ತೆ ಏಳದಂತೆ ಅದರ ನಮೂದನ್ನೂ ತೆಗೆದೆ. ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲ್‌ಗೆ ಟಿಕ್ ಹಾಕಿದೆ. ಆಮೇಲಷ್ಟೇ ತಂತಿ ಚುಚ್ಚಿದ್ದು.

ಶುಕ್ರವಾರ ರಿಪೇರಿಯವ ಚೀಲ ಹಿಡಿದೇ ಬಂದ. ಹಿಂದೆ ಅದೇ ಓಣಿ. ನಾನು ಪೆಟ್ಟಿಗೆಯ ಮುಚ್ಚಳ ಬಿಚ್ಚಿಟ್ಟಿದ್ದೆ, ಅದರ ಪಕ್ಕಕ್ಕೇ ಬಿಲ್ಲು ತರಿಸಿದ್ದೆ.

"ಅಪ್ಪಾ, ಹಿಂಜು."

ಠೊಂಯ್! ಹತ್ತಿ ಹಾರಿ ಪೆಟ್ಟಿಗೆಯೊಳಗೆ ಬಿತ್ತು. ಇಂಟರ್‌ನೆಟ್ ಕುಂಯ್‌ಗುಟ್ಟಿ ಹತ್ತಿತು.

"ಏ ತಂಗಿ, ಸುಟ್ಟು ಹೋಗ್ತೈತಿ!" ಅಂದ ರಿಪೇರಿಯವ.

"ಕುಂಡ್ರಿ. ಒಂದು ನಿಮಿಷ ಅಲ್ಲ, ಚಾ ಕುಡಿಯೂಮಟ ಕುಂಡ್ರಿ."

ಕೂತ. ಅವ್ವ ಚಾ ತಂದಳು. ಕಪ್ಪು ಖಾಲಿಯಾಯಿತು, ಡಬ್ಬಿ ಮೂಡಲಿಲ್ಲ. ಅವನು ಅಂಗಿಗೆ ಅಂಟಿದ ಹತ್ತಿಯನ್ನು ಒಂದೊಂದೇ ಕೀಳುತ್ತ ಕೂತಿದ್ದ. ಅಪ್ಪ ಬೆವರು ಒರೆಸಿಕೊಂಡು, "ಇಷ್ಟು ಸಾಕೇನ್ರಿ, ಇನ್ನೊಂದೀಟು ಹಾರಸ್ಲ್ಯೋ? ಯಳವತ್ತಿಯವರ ಗಾದಿ ಹೆಂಗೂ ಮುಗಿಸೂದೈತಿ" ಅಂದ. ಈ ಸಲವೂ ಓಣಿ ನಕ್ಕಿತು, ನಮ್ಮ ಕಡೆ ನಿಂತು. ಬಿಲ್ಲು ಮತ್ತೆ ಬೇವಿನ ಗಿಡಕ್ಕೆ ಹೋಗಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನೇ. ಈಗ ಗದಗಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಮಂದಿ ಅಂಗಡಿಯಿಂದ ಫೋಮಿನ ಗಾದಿ ತರುತ್ತಾರೆ. ಅಪ್ಪನ ಬಿಲ್ಲಿನ ಹೆದೆ ಸಡಿಲಾಗಿ ಜೋತುಬಿದ್ದಿದೆ. ಮೊನ್ನೆ ಲ್ಯಾಬಿನಲ್ಲಿ ಕೆಟ್ಟ ಕಂಪ್ಯೂಟರೊಂದನ್ನು ಬಿಚ್ಚಿದೆ. ಫ್ಯಾನಿನಲ್ಲಿ ಬರೀ ಕರಿಧೂಳು. ಬೆರಳಾಡಿಸಿ ಹುಡುಕಿದೆ, ಒಂದು ಎಳೆ ಹತ್ತಿ ಇರಲಿಲ್ಲ. ಇದ್ದಿದ್ದರೆ ಈ ಸಲ ನಾನೇ ಅದನ್ನು ಎತ್ತಿ ಹಿಡಿದು ಕ್ಲಾಸಿಗೆಲ್ಲ ತೋರಿಸುತ್ತಿದ್ದೆ.